ಟೋಕನ್ ಲೆಕ್ಕದಲ್ಲಿ ಕರುಮತ್ತಂಪಟ್ಟಿಯ ಕನ್ನಡ

2024ರ ಜುಲೈ 17ರಂದು ಗೂಗಲ್ ಕಂಪನಿ ಬೆಂಗಳೂರಿನಲ್ಲಿ ಡೆವಲಪರ್‌ಗಳಿಗಾಗಿ ‘ಐ/ಓ ಕನೆಕ್ಟ್’ ಎಂಬ ಸಮ್ಮೇಳನ ನಡೆಸಿತು. ಅಂದು ಹೊರಬಿದ್ದ ಹಲವು ಘೋಷಣೆಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಜೆಮಿನಿ 1.5 ಪ್ರೊ ಎಂಬ ಎಐ ಮಾದರಿ ಒಂದೇ ಸಲಕ್ಕೆ 20 ಲಕ್ಷ ಟೋಕನ್‌ಗಳಷ್ಟು ಮಾಹಿತಿಯನ್ನು ಗಮನದಲ್ಲಿಟ್ಟುಕೊಳ್ಳಬಲ್ಲದು, ಆ ಸೌಲಭ್ಯ ಭಾರತದ ಡೆವಲಪರ್‌ಗಳಿಗೆ ಸಿಗಲಿದೆ ಎಂಬುದು ಒಂದು. ಗೂಗಲ್ ಮ್ಯಾಪ್ಸ್ ಆಧರಿಸಿ ಆ್ಯಪ್ ಕಟ್ಟುವವರಿಗೆ ಆಗಸ್ಟ್ 1ರಿಂದ ಭಾರತದಲ್ಲಿ ದರ ಶೇ. 70ರವರೆಗೆ ಇಳಿಯುತ್ತದೆ ಎಂಬುದು ಇನ್ನೊಂದು. ಮೂರನೆಯದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆಯದು: 80 ಜಿಲ್ಲೆಗಳ 80,000 ಮಂದಿಯಿಂದ 58 ಭಾಷೆಗಳಲ್ಲಿ ಸಂಗ್ರಹಿಸಿದ 14,000 ಗಂಟೆಗೂ ಮೀರಿದ ಮಾತಿನ ಧ್ವನಿಮುದ್ರಣ ಡೆವಲಪರ್‌ಗಳ ಬಳಕೆಗೆ ಸಿಗುತ್ತದೆ.

ಕೇಳಿದ ಕೂಡಲೇ ಕಿವಿ ನಿಮಿರುವುದು ಮೊದಲ ಎರಡಕ್ಕೆ. ನನ್ನ ಮಟ್ಟಿಗೆ ಮೂರನೆಯದೇ ದೊಡ್ಡದು. ಏಕೆಂದು ಹೇಳಲು ತಮಿಳುನಾಡಿನ ಕರುಮತ್ತಂಪಟ್ಟಿಯವರೆಗೆ ಹೋಗಬೇಕು. ಅದಕ್ಕೂ ಮೊದಲು ಇಂಥ ಘೋಷಣೆಗಳನ್ನು ಹೇಗೆ ಓದಬೇಕು, ಟೋಕನ್ ಎಂದರೇನು ಎಂಬುದನ್ನು ನೋಡೋಣ.

ಆ್ಯಪಲ್ ತನ್ನ ಡೆವಲಪರ್ ಸಮ್ಮೇಳನವನ್ನು 1983ರಿಂದಲೂ ನಡೆಸಿಕೊಂಡು ಬಂದಿದೆ. ಗೂಗಲ್‌ನದು 2008ರಲ್ಲಿ ಶುರುವಾಯಿತು. ಓಪನ್‌ಎಐ ಮೊದಲ ‘ಡೆವ್‌ಡೇ’ ನಡೆಸಿದ್ದು 2023ರ ನವೆಂಬರ್ 6ರಂದು. ಕಂಪನಿ ಯಾವುದಾದರೂ ಉದ್ದೇಶ ಒಂದೇ: ನಮ್ಮ ಬಳಿ ಇಂಥ ಸಲಕರಣೆ ಇದೆ, ಇದನ್ನು ಬಳಸಿ ನಿಮ್ಮ ಆ್ಯಪ್ ಕಟ್ಟಿ ಎಂದು ಸಾಫ್ಟ್‌ವೇರ್ ಬರೆಯುವವರಿಗೆ ತಿಳಿಸುವುದು. ವೇದಿಕೆಯ ಮೇಲೆ ತೋರಿಸಿದ್ದು ಜನರ ಕೈಗೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಬೇರೆಯೇ ಮಾತು. ಡಗ್ಲಾಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಕಂಪ್ಯೂಟರ್ ಸಮ್ಮೇಳನವೊಂದರಲ್ಲಿ 90 ನಿಮಿಷಗಳ ಪ್ರದರ್ಶನ ನೀಡಿ ಮೌಸ್, ಕೊಂಡಿ ಹಾಕಿದ ಪಠ್ಯ, ದೂರದಲ್ಲಿರುವವರ ಜೊತೆ ವಿಡಿಯೊ ಮಾತುಕತೆ ಎಲ್ಲವನ್ನೂ ತೋರಿಸಿದರು. ಮೌಸ್ ಸಾಮಾನ್ಯರ ಮೇಜಿಗೆ ಬಂದದ್ದು 1980ರ ದಶಕದಲ್ಲಿ. ಈಚಿನ ಉದಾಹರಣೆ ಬೇಕೆಂದರೆ, ನಮ್ಮ ಸ್ವಂತ ಮಾಹಿತಿಯನ್ನು ಅರಿತು ಉತ್ತರಿಸುವ ‘ಸಿರಿ’ಯನ್ನು ಆ್ಯಪಲ್ 2024ರ ಜೂನ್‌ನಲ್ಲಿ ತೋರಿಸಿತು. 2025ರ ಮಾರ್ಚ್‌ನಲ್ಲಿ, ಅದು ಸಿದ್ಧವಾಗಲು ಇನ್ನೂ ಸಮಯ ಬೇಕು ಎಂದಿತು. ಹಾಗಾಗಿ ಘೋಷಣೆ ಓದುವಾಗ ‘ಇಂದಿನಿಂದಲೇ ಲಭ್ಯ’ ಎಂಬ ಸಾಲಿಗೂ ‘ಶೀಘ್ರದಲ್ಲೇ’ ಎಂಬ ಸಾಲಿಗೂ ಬೇರೆ ಬೇರೆ ತೂಕ ಕೊಡಬೇಕು. ‘ವಾಣಿ’ಯ 14,000 ಗಂಟೆ ಮೊದಲನೆಯ ಬಗೆಯದು, ಆಗಲೇ ಸಂಗ್ರಹವಾಗಿದ್ದದ್ದು.

ಇನ್ನು ಟೋಕನ್. ಎಐ ಮಾದರಿಗಳು ಅಕ್ಷರವನ್ನಾಗಲಿ ಪದವನ್ನಾಗಲಿ ನಮ್ಮಂತೆ ಓದುವುದಿಲ್ಲ. ಪಠ್ಯವನ್ನು ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಗಳ ಮೇಲೆ ಲೆಕ್ಕ ಮಾಡುತ್ತವೆ. ಆ ತುಂಡೇ ಟೋಕನ್. ಡೆವಲಪರ್‌ಗೆ ಬಿಲ್ ಬರುವುದೂ ಟೋಕನ್ ಎಣಿಕೆಯ ಮೇಲೆಯೇ. ಮೊದಲ ಡೆವ್‌ಡೇಯಲ್ಲಿ ಓಪನ್‌ಎಐ ಪ್ರಕಟಿಸಿದ ಜಿಪಿಟಿ-4 ಟರ್ಬೊ ಮಾದರಿಯ ದರ 1,000 ಟೋಕನ್ ಒಳಗೆ ಕಳಿಸಿದರೆ ಒಂದು ಸೆಂಟ್, 1,000 ಟೋಕನ್ ಹೊರಗೆ ಬಂದರೆ ಮೂರು ಸೆಂಟ್ ಎಂದಿತ್ತು.

ಪವರ್‌ಲೂಮ್‌ಗಳ ಊರಾದ ಕರುಮತ್ತಂಪಟ್ಟಿಯಲ್ಲಿ ಇದನ್ನು ವಿವರಿಸುವುದು ಸುಲಭ. ಕೂಲಿಗೆ ನೇಯುವ ಪವರ್‌ಲೂಮ್‌ನಲ್ಲಿ ದುಡ್ಡು ಮೀಟರ್ ಲೆಕ್ಕದಲ್ಲಿ ಬಂದರೂ ಶ್ರಮ ಅಡಗಿರುವುದು ಪಿಕ್‌ನಲ್ಲಿ, ಅಂದರೆ ಲಾಳಿ ಹೊಕ್ಕಿನ ನೂಲನ್ನು ಹಾಸಿನ ನಡುವೆ ಒಮ್ಮೆ ದಾಟಿಸುವುದರಲ್ಲಿ. ಇಂಚಿಗೆ ಪಿಕ್ ಹೆಚ್ಚಾದಷ್ಟೂ ಅದೇ ಒಂದು ಮೀಟರ್ ಬಟ್ಟೆಗೆ ಹೆಚ್ಚು ಹೊತ್ತು, ಹೆಚ್ಚು ನೂಲು, ಹೆಚ್ಚು ಕರೆಂಟು. ಎಐ ಲೋಕದಲ್ಲಿ ಕನ್ನಡದ ಸ್ಥಿತಿ ಇದೇ: ಅದೇ ಒಂದು ಮಾತನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಖರ್ಚಾಗುತ್ತದೆ.

ಕಾರಣ ಹಳೆಯದು, ಅದೂ ಒಂದು ಸಮ್ಮೇಳನದಲ್ಲೇ ಪ್ರಕಟವಾದದ್ದು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ ಸಂಕೇತ ಪದ್ಧತಿಯನ್ನು 1993ರ ಜನವರಿಯಲ್ಲಿ ಸ್ಯಾನ್ ಡಿಯಾಗೋದ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಲಾಯಿತು. ಇಂದು ಇಂಟರ್‌ನೆಟ್ಟಿನ ಬಹುಪಾಲು ಪಠ್ಯ ಈ ಪದ್ಧತಿಯಲ್ಲೇ ಇದೆ. ಇದರಲ್ಲಿ ಇಂಗ್ಲಿಷಿನ ಪ್ರತಿ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಈ ಊರಿನ ಹೆಸರನ್ನೇ ತೆಗೆದುಕೊಳ್ಳಿ. ‘ಕರುಮತ್ತಂಪಟ್ಟಿ’ ಎಂದಾಗ ನಮ್ಮ ಕಣ್ಣಿಗೆ ಕಾಣುವುದು ಆರು ಅಕ್ಷರ: ಕ, ರು, ಮ, ತ್ತಂ, ಪ, ಟ್ಟಿ. ಕಂಪ್ಯೂಟರ್ ಕೊಂಬು, ಗುಡಿಸು, ಅನುಸ್ವಾರಗಳನ್ನೂ ಒತ್ತಕ್ಷರದ ಒಳಗಿನ ವಿರಾಮವನ್ನೂ ಬೇರೆ ಬೇರೆಯಾಗಿ ಎಣಿಸುವುದರಿಂದ ಅದರ ಲೆಕ್ಕಕ್ಕೆ ಇವು 13 ಸಂಕೇತ, ಒಟ್ಟು 39 ಬೈಟ್. ತಮಿಳಿನಲ್ಲಿ ಬರೆದರೆ 14 ಸಂಕೇತ, 42 ಬೈಟ್. ಇಂಗ್ಲಿಷಿನಲ್ಲಿ 15 ಅಕ್ಷರ, 15 ಬೈಟ್.

ಬೈಟ್ ಹೆಚ್ಚಾದ ಮಾತ್ರಕ್ಕೆ ಟೋಕನ್ ಹೆಚ್ಚಾಗಲೇಬೇಕೆಂದಿಲ್ಲ. ಟೋಕನ್ ಪಟ್ಟಿಯನ್ನು ತಯಾರಿಸುವಾಗ, ಪಠ್ಯರಾಶಿಯಲ್ಲಿ ಅಕ್ಕಪಕ್ಕ ಮತ್ತೆ ಮತ್ತೆ ಬರುವ ಬೈಟ್‌ಗಳನ್ನು ಜೋಡಿ ಜೋಡಿಯಾಗಿ ಬೆಸೆಯುತ್ತ ಹೋಗುತ್ತಾರೆ. ಬೆಸುಗೆಯಾದ ಜೋಡಿ ಇನ್ನೊಂದರ ಜೊತೆ ಬೆಸೆದುಕೊಂಡು ಕೊನೆಗೆ ಇಡೀ ಪದವೇ ಒಂದು ಟೋಕನ್ ಆಗಬಹುದು. ಆದರೆ ಹಾಗೆ ಆಗಬೇಕಾದರೆ ಆ ಭಾಷೆಯ ಪಠ್ಯ ರಾಶಿಯಲ್ಲಿ ಸಾಕಷ್ಟು ಇರಬೇಕು. ಕನ್ನಡ ಚಿಟಿಕೆಯಷ್ಟೇ ಇದ್ದರೆ ಬೆಸುಗೆ ಅರ್ಧಕ್ಕೇ ನಿಲ್ಲುತ್ತದೆ, ಕೆಲವೊಮ್ಮೆ ಒಂದೊಂದು ಬೈಟೂ ಒಂದೊಂದು ಟೋಕನ್ ಆಗಿ ಉಳಿಯುತ್ತದೆ. ಇಲ್ಲಿ ಭಾಷೆಯ ಕೊರತೆ ಏನೂ ಇಲ್ಲ, ಪಟ್ಟಿ ಮಾಡಿದವರ ಕೈಗೆ ಸಿಕ್ಕಿದ ಪಠ್ಯದ ಕೊರತೆ ಅದು.

ಪಟ್ಟಿಯನ್ನು ಸರಿಪಡಿಸಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಪುರಾವೆ 2024ರ ಮೇ 13ರಂದು ಸಿಕ್ಕಿತು. ಅಂದು ಜಿಪಿಟಿ-4ಓ ಮಾದರಿಯನ್ನು ಪ್ರಕಟಿಸಿದ ಓಪನ್‌ಎಐ, ಒಂದೇ ಪರಿಚಯದ ಮಾತನ್ನು 20 ಭಾಷೆಗಳಲ್ಲಿ ಬರೆದು ಹಳೆಯ ಮತ್ತು ಹೊಸ ಟೋಕನ್ ಲೆಕ್ಕವನ್ನು ಪಕ್ಕಪಕ್ಕ ಇಟ್ಟಿತು. ಗುಜರಾತಿ 145ರಿಂದ 33ಕ್ಕೆ, ತೆಲುಗು 159ರಿಂದ 45ಕ್ಕೆ, ತಮಿಳು 116ರಿಂದ 35ಕ್ಕೆ ಇಳಿದಿತ್ತು. ಇಂಗ್ಲಿಷ್ 27ರಿಂದ 24ಕ್ಕೆ. ಅಂದರೆ ಅಲ್ಲಿಯವರೆಗೆ ತೆಲುಗಿನವರು ಅದೇ ಮಾತಿಗೆ ಇಂಗ್ಲಿಷಿನವರ ಸುಮಾರು ಆರು ಪಟ್ಟು ಟೋಕನ್ ತೆರುತ್ತಿದ್ದರು, ಆಮೇಲೆ ಸುಮಾರು ಎರಡು ಪಟ್ಟು. ಆ 20 ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡಕ್ಕೂ ಇದರಿಂದ ಲಾಭವಾಗಿದೆ ಎನ್ನಲು ಅಡ್ಡಿಯಿಲ್ಲ, ಆದರೆ ನಮ್ಮ ಭಾಷೆಯ ಸಾಲು ಇಲ್ಲದ ಪಟ್ಟಿಯನ್ನು ಓದುವ ಅನುಭವ ನಮಗೆ ಹೊಸದಲ್ಲ.

ಟೋಕನ್ ಇಳಿದದ್ದರಿಂದ ಬೆಂಗಳೂರಿನಲ್ಲಿ, ಧಾರವಾಡದಲ್ಲಿ, ಮಂಗಳೂರಿನಲ್ಲಿ ಕನ್ನಡ ಓದಿ ಬರೆಯುವವರಿಗೆ ಪ್ರಯೋಜನ ಖಂಡಿತ. ಕರುಮತ್ತಂಪಟ್ಟಿಯ ಮಾತು ಬೇರೆ.

ಈ ಊರು ಕೊಯಮತ್ತೂರಿನಿಂದ ಅವಿನಾಶಿ, ಸೇಲಂ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 544ರ ಮೇಲಿದೆ. ಪಕ್ಕದಲ್ಲೇ ಸೋಮನೂರು. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಕೂಡುವ ಈ ಸೀಮೆಯ ಊರೂರಿನಲ್ಲೂ ಪವರ್‌ಲೂಮ್ ಶೆಡ್‌ಗಳಿವೆ. ನೂಲು ಕೊಟ್ಟು ಬಟ್ಟೆ ಪಡೆಯುವ ವ್ಯಾಪಾರಿಗಳು ಒಂದು ಕಡೆ, ಕೂಲಿಗೆ ನೇಯ್ದು ಕೊಡುವ ಮಗ್ಗದವರು ಇನ್ನೊಂದು ಕಡೆ. ಕೂಲಿ ಹೆಚ್ಚಿಸಬೇಕೆಂದು 2025ರ ಮಾರ್ಚ್‌ನಲ್ಲಿ ಎರಡೂ ಜಿಲ್ಲೆಗಳ ಮಗ್ಗದವರು ಮುಷ್ಕರ ಹೂಡಿದ್ದರು. ಇಲ್ಲಿನ ನೇಕಾರರಲ್ಲಿ ತಲೆಮಾರುಗಳಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ದೇವಾಂಗ ಕುಟುಂಬಗಳಿವೆ. ಕೊಯಮತ್ತೂರು ಸೀಮೆಯ ಬೇಸಾಯಗಾರರಲ್ಲಿ ಕನ್ನಡ ಮಾತಾಡುವ ಒಕ್ಕಲಿಗರಿದ್ದಾರೆ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡವನ್ನು ತಾಯಿನುಡಿ ಎಂದು ಬರೆಸಿದವರು 12 ಲಕ್ಷಕ್ಕೂ ಹೆಚ್ಚು.

ಇವರಲ್ಲಿ ಬಹಳಷ್ಟು ಮಂದಿ ಕಲಿತದ್ದು ತಮಿಳು ಶಾಲೆಯಲ್ಲಿ. ಅಂಗಡಿಯ ಬೋರ್ಡು, ಬಸ್ಸಿನ ಹಲಗೆ, ಕರೆಂಟ್ ಬಿಲ್, ರೇಷನ್ ಕಾರ್ಡು ಎಲ್ಲವೂ ತಮಿಳಿನಲ್ಲಿ. ಅವರಿಗೆ ಕನ್ನಡ ಕಿವಿಯಲ್ಲಿ, ನಾಲಗೆಯಲ್ಲಿ ಇದೆ. ಲಿಪಿ ಗೊತ್ತಿಲ್ಲ. ಕನ್ನಡ ಕೀಬೋರ್ಡ್, ಕನ್ನಡ ಫಾಂಟ್, ಕನ್ನಡ ಅನುವಾದ ಎಂದು ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ನಾವು ಸಂಭ್ರಮಿಸಿದ ಯಾವುದೂ ಈ ಮನೆಗಳ ಹೊಸ್ತಿಲು ದಾಟಲಿಲ್ಲ. ಕನ್ನಡದಲ್ಲಿ ಇವರ ಪಾಲಿಗೆ ಕಂಪ್ಯೂಟರ್ ಎಂಬುದು ಬರುವುದಿದ್ದರೆ ಅದು ಮಾತಿನ ಮೂಲಕವೇ ಬರಬೇಕು.

ಹಾಗಾದರೆ ಯಂತ್ರ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತದೆ? ಓಪನ್‌ಎಐ 2022ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ‘ವಿಸ್ಪರ್’ ಎಂಬ ಮಾದರಿಯನ್ನು ನೋಡಿದರೆ ಒಳಗಿನ ಕೆಲಸ ತಿಳಿಯುತ್ತದೆ. ಮೈಕ್ ಮೂಲಕ ಬಂದ ದನಿಯ ಏರಿಳಿತವನ್ನು ಸೆಕೆಂಡಿಗೆ 16,000 ಸಲ ಅಳೆದು ಸಂಖ್ಯೆಯಾಗಿ ಬರೆದಿಡಲಾಗುತ್ತದೆ. ಅದನ್ನು ಕಾಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಣ್ಣ ತುಣುಕುಗಳಾಗಿ ಮಾಡಿ, ಪ್ರತಿ ತುಣುಕಿನಲ್ಲಿ ಯಾವ ಕಂಪನಾಂಕದ ದನಿ ಎಷ್ಟು ಬಲವಾಗಿದೆ ಎಂದು 80 ಪಟ್ಟಿಗಳಲ್ಲಿ ವಿಂಗಡಿಸಲಾಗುತ್ತದೆ. ಸಿಗುವುದು ಒಂದು ಚಿತ್ರ: ಅಡ್ಡಕ್ಕೆ ಕಾಲ, ಲಂಬಕ್ಕೆ ಕಂಪನಾಂಕ. ನಮ್ಮ ‘ಸ’ಕಾರದ ಶಕ್ತಿ ಮೇಲಿನ ಪಟ್ಟಿಗಳಲ್ಲಿ ಹರಡಿರುತ್ತದೆ, ‘ಆ’ಕಾರ ಕೆಳಗಿನ ಪಟ್ಟಿಗಳಲ್ಲಿ ಗೆರೆಗೆರೆಯಾಗಿ ಮೂಡುತ್ತದೆ. ಈ ಚಿತ್ರವನ್ನು 30 ಸೆಕೆಂಡಿನ ಪುಟಗಳಾಗಿ ಮಾಡಿ ಮಾದರಿಗೆ ಉಣಿಸಿದರೆ ಅದು ಪಠ್ಯವನ್ನು ಟೋಕನ್ ಟೋಕನ್ ಆಗಿ ಊಹಿಸುತ್ತ ಬರೆಯುತ್ತದೆ.

ಬರೆಯುವ ಮೊದಲು ಅದು ಇನ್ನೊಂದು ನಿರ್ಧಾರ ಮಾಡುತ್ತದೆ: ಇದು ಯಾವ ಭಾಷೆ? ಹೇಳಿಕೊಡದಿದ್ದರೆ, ಮೊದಲ 30 ಸೆಕೆಂಡ್ ಕೇಳಿ ಒಂದು ಭಾಷೆಯನ್ನು ಆರಿಸಿಕೊಂಡು ಉಳಿದದ್ದನ್ನೆಲ್ಲ ಅದೇ ಭಾಷೆಯದೆಂದು ತಿಳಿದು ಬರೆಯುತ್ತದೆ. ಕರುಮತ್ತಂಪಟ್ಟಿಯ ಮನೆಯೊಂದರಲ್ಲಿ ಇಂಥ ಮಾತು ಬಂತೆನ್ನಿ: “ಪಾವು ಮುಗೀತು, ನಾಳೆ ನೂಲ್ ಕೊಟ್ರೆ ತರಿ ಓಡ್ತದೆ.” ಪಾವು ಎಂದರೆ ಹಾಸು, ತರಿ ಎಂದರೆ ಮಗ್ಗ. ಎರಡೂ ತಮಿಳಿನ ಕಸುಬಿನ ಮಾತು. ಕ್ರಿಯಾಪದ, ವಾಕ್ಯದ ಕಟ್ಟು ಕನ್ನಡದ್ದು. ಮಾತಾಡಿದವರಿಗೆ ಇದರಲ್ಲಿ ಎರಡು ಭಾಷೆ ಇಲ್ಲ, ಇರುವುದು ತಮ್ಮ ಮನೆಯ ಒಂದು ಭಾಷೆ. ಯಂತ್ರ ಮಾತ್ರ ತಮಿಳೋ ಕನ್ನಡವೋ ಎಂದು ಆರಿಸಲೇಬೇಕು.

ಯಾವ ಕಡೆಗೆ ವಾಲುತ್ತದೆ? ಅದು ಯಾವುದನ್ನು ಹೆಚ್ಚು ಕೇಳಿದೆಯೋ ಆ ಕಡೆಗೆ. ವಿಸ್ಪರ್‌ನ ಮೊದಲ ಆವೃತ್ತಿಯನ್ನು ತರಬೇತಿಗೊಳಿಸಿದ್ದು 6,80,000 ಗಂಟೆಗಳ ದನಿಯಿಂದ. ಅದರಲ್ಲಿ ಬಹುಪಾಲು ಇಂಗ್ಲಿಷ್. ಬೇರೆ 96 ಭಾಷೆಗಳಿಗೆ ಸೇರಿ 1,17,000 ಗಂಟೆ. ಅವುಗಳಲ್ಲಿ ಪಠ್ಯದೊಡನೆ ಹೊಂದಿಸಿದ ತಮಿಳು 136 ಗಂಟೆ. ಕನ್ನಡ ನಾಲ್ಕು ಗಂಟೆಗೂ ಕಡಿಮೆ. ಒಂದು ಭಾಷೆಯನ್ನು ನಾಲ್ಕು ಗಂಟೆಯೊಳಗೆ ಕೇಳಿ ಮುಗಿಸಿದ ಯಂತ್ರಕ್ಕೆ ಹುಬ್ಬಳ್ಳಿಯ ಕನ್ನಡ, ಕುಂದಾಪುರದ ಕನ್ನಡ, ಸೋಮನೂರಿನ ಕನ್ನಡ ಎಂಬ ಭೇದ ಎಲ್ಲಿಂದ ಗೊತ್ತಾಗಬೇಕು? 2023ರ ಡೆವ್‌ಡೇಯಲ್ಲಿ ಪ್ರಕಟವಾದ ಮೂರನೆಯ ಆವೃತ್ತಿಗೆ 10 ಲಕ್ಷ ಗಂಟೆಗಳ ದನಿಯ ಜೊತೆಗೆ, ಹಿಂದಿನ ಆವೃತ್ತಿಯೇ ಬರೆದುಕೊಟ್ಟ ಪಠ್ಯವನ್ನು ಹೊಂದಿಸಿದ ಇನ್ನೂ 40 ಲಕ್ಷ ಗಂಟೆಗಳನ್ನು ಉಣಿಸಲಾಯಿತು. ದೊಡ್ಡ ಭಾಷೆಗಳಿಗೆ ಇದು ಒಳ್ಳೆಯ ಉಪಾಯ. ಹಿಂದಿನ ಆವೃತ್ತಿ ತಪ್ಪಾಗಿ ಕೇಳಿಸಿಕೊಂಡ ಭಾಷೆಗಳಲ್ಲಿ ಮಾತ್ರ ಆ ತಪ್ಪೇ ಪಾಠವಾಗುವ ಅಪಾಯವಿದೆ.

ಮಗ್ಗದ ಶೆಡ್ಡಿನೊಳಗೆ ಇನ್ನೊಂದು ಕಷ್ಟ. ನಮ್ಮ ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಲಾಳಿಯ ಮಗ್ಗಗಳು ಓಡುವ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟಾಗುವುದರಿಂದ 30ರ ಅಂತರವೆಂದರೆ ಸಾವಿರ ಪಟ್ಟು. ಅಲ್ಲಿ ಕೆಲಸ ಮಾಡುವವರು ಒಬ್ಬರ ಕಿವಿಯ ಹತ್ತಿರ ಒಬ್ಬರು ಬಾಯಿಟ್ಟು ಕೂಗಿ ಮಾತಾಡುತ್ತಾರೆ, ಕೈಸನ್ನೆ ಬಳಸುತ್ತಾರೆ. ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಡಿದಾಗ ಆ ಸದ್ದು ಎಲ್ಲ ಕಂಪನಾಂಕಗಳಲ್ಲೂ ಒಮ್ಮೆಗೇ ಹರಡಿ, ದನಿಯ ಚಿತ್ರದಲ್ಲಿ ಉದ್ದುದ್ದ ಗೀಟುಗಳಾಗಿ ಮೂಡುತ್ತದೆ. ‘ಪ’, ‘ಟ’, ‘ಕ’ದಂಥ ಸ್ಫೋಟ ವ್ಯಂಜನಗಳೂ ಚಿತ್ರದಲ್ಲಿ ಕಾಣುವುದು ಹೀಗೆಯೇ. ನಿಶ್ಶಬ್ದ ಕೋಣೆಯಲ್ಲಿ ಓದಿಸಿದ ವಾಕ್ಯಗಳಿಂದ ಕಲಿತ ಯಂತ್ರಕ್ಕೆ ಇವೆರಡನ್ನು ಬೇರ್ಪಡಿಸುವುದು ಕಷ್ಟ.

ಈಗ ಬೆಂಗಳೂರಿನ ಘೋಷಣೆಗಳಿಗೆ ಮರಳೋಣ. 20 ಲಕ್ಷ ಟೋಕನ್ ಎಂಬುದರಲ್ಲಿ ಮಾತಿನ ಭಾಷೆಗಳಿಗೆ ಅನುಕೂಲವಾದ ಒಂದು ಅಂಶವಿದೆ. ಗೂಗಲ್ ಹೇಳಿದ ಪ್ರಕಾರ 10 ಲಕ್ಷ ಟೋಕನ್‌ಗಳಲ್ಲಿ 11 ಗಂಟೆಯ ಧ್ವನಿ ಹಿಡಿಸುತ್ತದೆ. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು 25 ಟೋಕನ್. ಇಲ್ಲಿ ಎಣಿಕೆ ಕಾಲದ ಮೇಲೆ, ಲಿಪಿಯ ಮೇಲಲ್ಲ. ಇಂಗ್ಲಿಷಿನಲ್ಲಿ ಒಂದು ನಿಮಿಷ ಮಾತಾಡಿದರೂ ಕನ್ನಡದಲ್ಲಿ ಮಾತಾಡಿದರೂ ಒಳಗೆ ಹೋಗುವ ಟೋಕನ್ ಅಷ್ಟೇ. ಮೂರು ಬೈಟಿನ ಹೊರೆ, ಅರ್ಧಕ್ಕೆ ನಿಂತ ಬೆಸುಗೆ ಎರಡೂ ಬದಿಗೆ ಸರಿಯುತ್ತವೆ. ಪಠ್ಯಕ್ಕೆ ಹೋಲಿಸಿದರೆ ಧ್ವನಿಗೆ ಟೋಕನ್ ಖರ್ಚು ಜಾಸ್ತಿ ಎಂಬುದು ನಿಜ, ಆದರೆ ಆ ಖರ್ಚು ಎಲ್ಲ ಭಾಷೆಗಳಿಗೂ ಸಮಾನ. ಲಿಪಿ ಬಾರದ ಕನ್ನಡಿಗರಿಗೆ ಇದೊಂದು ಹೊಸ ದಾರಿ ಎಂದೇ ನಾನು ತಿಳಿಯುತ್ತೇನೆ. ದರ ಸಮಾನವಾದರೂ ಅರ್ಥವಾಗುವುದು ಸಮಾನವಾಗಬೇಕಾದರೆ ಯಂತ್ರ ಆ ಮಾತನ್ನು ಮೊದಲೇ ಕೇಳಿರಬೇಕು. ‘ವಾಣಿ’ ಮುಖ್ಯವಾಗುವುದು ಈ ಕಾರಣಕ್ಕೆ.

ಸಾಮಾನ್ಯವಾಗಿ ಮಾತಿನ ಸಂಗ್ರಹ ಭಾಷೆಯ ಪಟ್ಟಿಯಿಂದ ಶುರುವಾಗುತ್ತದೆ: ಕನ್ನಡ ಬೇಕು, ಕರ್ನಾಟಕಕ್ಕೆ ಹೋಗಿ. ‘ವಾಣಿ’ ಶುರುವಾಗುವುದು ಜಿಲ್ಲೆಯಿಂದ. ದೇಶದ 773 ಜಿಲ್ಲೆಗಳಲ್ಲಿ ಸುಮಾರು 10 ಲಕ್ಷ ಮಂದಿಯಿಂದ 1,50,000 ಗಂಟೆಗೂ ಹೆಚ್ಚು ಮಾತು ಸಂಗ್ರಹಿಸುವುದು ಅದರ ಗುರಿ. ಆ ಜಿಲ್ಲೆಯಲ್ಲಿ ಜನ ಏನು ಮಾತಾಡುತ್ತಾರೋ ಅದನ್ನೇ ಮುದ್ರಿಸಿಕೊಳ್ಳುವುದು ಅದರ ಕ್ರಮ. 80 ಜಿಲ್ಲೆಗಳಲ್ಲೇ 58 ಭಾಷೆಗಳು ಸಿಕ್ಕಿದ್ದು ಈ ಕ್ರಮದ ಫಲ. ರಾಜ್ಯದ ಗಡಿ ದಾಟಿ ಉಳಿದ ಭಾಷೆಗಳು ಕಣ್ಣಿಗೆ ಬೀಳುವುದು ಹೀಗೆ ಹುಡುಕಿದಾಗ ಮಾತ್ರ. ಕೊಯಮತ್ತೂರು ಜಿಲ್ಲೆ ಎಂದರೆ ತಮಿಳು ಎಂದು ಮೊದಲೇ ಬರೆದುಕೊಂಡು ಹೊರಟವರಿಗೆ ಕರುಮತ್ತಂಪಟ್ಟಿಯ ಕನ್ನಡ ಕೇಳಿಸುವುದಿಲ್ಲ.

ಎರಡನೆಯ ವಿಶೇಷ ಇನ್ನೂ ಮುಖ್ಯ. ಮಾತಾಡುವವರ ಮುಂದೆ ‘ವಾಣಿ’ಯ ಕಾರ್ಯಕರ್ತರು ಇಡುವುದು ಚಿತ್ರವನ್ನು. ಚಿತ್ರ ನೋಡಿ ತಮಗೆ ತೋಚಿದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಓದು ಬರಹ ಬೇಕಿಲ್ಲ. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆಯಲ್ಲಿ ಜನರೇ ತಮ್ಮ ದನಿ ಕೊಡಲು ‘ಬೋಲೋ ಇಂಡಿಯಾ’ ಎಂಬ ವ್ಯವಸ್ಥೆಯಿದೆ. ಒಳ್ಳೆಯ ಕೆಲಸ, ಲಿಪಿ ಬಲ್ಲ ಕನ್ನಡಿಗರೆಲ್ಲ ಕೈಜೋಡಿಸಬೇಕಾದ್ದು. ಅಲ್ಲಿ ಪರದೆಯ ಮೇಲೆ ಬರುವ ವಾಕ್ಯವನ್ನು ಓದಿ ಹೇಳಬೇಕು. ಕನ್ನಡ ಲಿಪಿ ಬಾರದ ಅಜ್ಜಿ ಎಷ್ಟೇ ಚೆನ್ನಾಗಿ ಕನ್ನಡ ಆಡಿದರೂ ಆ ಬಾಗಿಲು ಅವರಿಗೆ ತೆರೆಯುವುದಿಲ್ಲ. ಓದಿದ ಮಾತಿಗೂ ಆಡಿದ ಮಾತಿಗೂ ಇರುವ ದೂರವೂ ಕಡಿಮೆಯದಲ್ಲ. ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ 2024ರಲ್ಲಿ ಪ್ರಕಟಿಸಿದ ‘ಇಂಡಿಕ್‌ವಾಯ್ಸಸ್’ ಸಂಗ್ರಹದಲ್ಲಿ 145 ಜಿಲ್ಲೆಗಳ 16,237 ಮಂದಿಯ 7,348 ಗಂಟೆಗಳ ಮಾತಿದೆ, 22 ಭಾಷೆಗಳಲ್ಲಿ. ಅದರಲ್ಲಿ ಓದಿ ಹೇಳಿದ್ದು ಶೇ. 9 ಮಾತ್ರ, ಮಿಕ್ಕದ್ದೆಲ್ಲ ಆಡುಮಾತು. ಈ ತಂಡಗಳು ಹಿಡಿದಿರುವ ದಾರಿ ಸರಿಯಾದದ್ದು.

ಇನ್ನೂ ತೀರ್ಮಾನವಾಗಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ. ಮುದ್ರಿಸಿಕೊಂಡ ಮಾತಿನಲ್ಲಿ ಒಂದು ಭಾಗವನ್ನಾದರೂ ಮನುಷ್ಯರು ಕೇಳಿ ಬರೆದುಕೊಡಬೇಕು, ಯಂತ್ರ ಕಲಿಯುವುದು ಆ ಜೋಡಿಯಿಂದ. ಕರುಮತ್ತಂಪಟ್ಟಿಯ ಕನ್ನಡವನ್ನು ಯಾವ ಲಿಪಿಯಲ್ಲಿ ಬರೆಯಬೇಕು? ಕನ್ನಡದಲ್ಲಿ ಬರೆದರೆ ಕರ್ನಾಟಕದ ಕನ್ನಡದ ದೊಡ್ಡ ಪಠ್ಯರಾಶಿಯ ಬಲ ಇದಕ್ಕೂ ಒದಗುತ್ತದೆ, ಆದರೆ ಮಾತಾಡಿದವರು ಫಲಿತಾಂಶವನ್ನು ಓದಲಾರರು. ತಮಿಳಿನಲ್ಲಿ ಬರೆದರೆ ಅವರು ಓದಬಲ್ಲರು, ಆದರೆ ಕ-ಗ, ತ-ದ, ಪ-ಬಗಳ ವ್ಯತ್ಯಾಸ ತಮಿಳು ಲಿಪಿಯಲ್ಲಿ ಕಾಣಿಸದೆ ಕನ್ನಡದ ದನಿ ಮಸುಕಾಗುತ್ತದೆ. ನನ್ನ ಅಭಿಪ್ರಾಯ: ಸಂಗ್ರಹದಲ್ಲಿ ಕನ್ನಡ ಲಿಪಿಯೇ ಇರಲಿ, ಬಳಸುವವರಿಗೆ ತೋರಿಸುವಾಗ ತಮಿಳು ಲಿಪಿಗೆ ಬದಲಾಯಿಸಿ ತೋರಿಸಲಿ. ಕನ್ನಡದ ಅಕ್ಷರಗಳನ್ನು ತಮಿಳಿಗೆ ಇಳಿಸುವುದು ಯಂತ್ರಕ್ಕೆ ಸುಲಭ. ತಮಿಳಿನಿಂದ ಮರಳಿ ಕನ್ನಡಕ್ಕೆ ತರುವಾಗ ಗಕಾರವೋ ಕಕಾರವೋ ಎಂದು ಊಹಿಸಬೇಕಾಗುತ್ತದೆ.

ಸಮ್ಮೇಳನಗಳಲ್ಲಿ ಕೂತು ಕೇಳುವ ಕನ್ನಡದ ಡೆವಲಪರ್‌ಗಳು ನೂರಾರು ಮಂದಿ ಇದ್ದಾರೆ. ಬೆಂಗಳೂರು, ಕೊಯಮತ್ತೂರು, ತಿರುಪ್ಪೂರಿನ ಐಟಿ ಕಂಪನಿಗಳಲ್ಲಿ ಈ ನೇಕಾರರ ಮನೆಯ ಮಕ್ಕಳೂ ಇದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಊರಿಗೆ ಹೋದಾಗ ಅಜ್ಜಿ ತಾತಂದಿರ ಒಪ್ಪಿಗೆ ಕೇಳಿ, ಕೆಲವು ಚಿತ್ರಗಳನ್ನು ಮುಂದಿಟ್ಟು, ಅವರು ಆಡುವ ಕನ್ನಡವನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಒಂದನ್ನು ಮಗ್ಗ ನಿಂತ ಹೊತ್ತಿನಲ್ಲಿ, ಇನ್ನೊಂದನ್ನು ಮಗ್ಗ ಓಡುವಾಗ. ‘ವಾಣಿ’ಯ ಸಂಗ್ರಹದಲ್ಲಿ ಒಬ್ಬೊಬ್ಬರ ಪಾಲಿಗೆ ಬಂದದ್ದು ಸರಾಸರಿ ಹತ್ತು ನಿಮಿಷ ಚಿಲ್ಲರೆ, ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಯಾರ ಹೆಸರೂ ಹಾಕದೆ, ಊರು ಮತ್ತು ವಯಸ್ಸನ್ನಷ್ಟೇ ಗುರುತಿಸಿ, ಯಾರು ಬೇಕಾದರೂ ಬಳಸಲು ಮುಕ್ತವಾಗಿ ಬಿಟ್ಟುಕೊಡಿ.